ಎರಡನೇ ಬೆಡ್‌ರೂಮಿನ ಒಂದು ಅಡಿ ಎಲ್ಲಿ ಹೋಯಿತು?

ಅತ್ತೆಯ ವಾಕರ್ ಬಾತ್‌ರೂಮಿನ ಬಾಗಿಲಲ್ಲಿ ಹಿಡಿಸಲಿಲ್ಲ. ಎಲ್ಲ ಶುರುವಾಗಿದ್ದು ಅಲ್ಲಿಂದ.

ಕನಕಪುರ ರಸ್ತೆಯಲ್ಲಿ, ಮೆಟ್ರೋದ ಹಸಿರು ಮಾರ್ಗಕ್ಕೆ ಹತ್ತಿರ ಆಗುತ್ತದೆ ಅಂತ, ಎರಡು ಬೆಡ್‌ರೂಮಿನ ಫ್ಲ್ಯಾಟ್ ಬುಕ್ ಮಾಡಿದ್ದೆವು. ಕಟ್ಟಡ ಮುಗಿಯಿತು, ಪಾಲಿಕೆಯಿಂದ ಓಸಿ, ಅಂದರೆ ಇನ್ನು ವಾಸ ಮಾಡಬಹುದು ಅನ್ನುವ ಪ್ರಮಾಣಪತ್ರ, ಬಂತು. ಹ್ಯಾಂಡೋವರ್‌ಗೆ ಮೊದಲು ಒಮ್ಮೆ ಬಂದು ನೋಡಿಕೊಳ್ಳಿ ಅಂತ ಬಿಲ್ಡರ್ ಕಡೆಯಿಂದ ಮೇಲ್ ಬಂತು. ಅತ್ತೆಯನ್ನೂ ಕರೆದುಕೊಂಡು ಹೋದೆವು. ಎರಡನೇ ಬೆಡ್‌ರೂಮ್ ಅವರದ್ದು. ಅದಕ್ಕೆ ಅಂಟಿಕೊಂಡಿರುವ ಬಾತ್‌ರೂಮೂ ಅವರದ್ದೇ. ಇಡೀ ಪ್ರಾಜೆಕ್ಟಿನಲ್ಲಿ ಈ ಪ್ಲಾನನ್ನೇ ಹುಡುಕಿ ತೆಗೆದುಕೊಳ್ಳಲು ಅದೇ ಕಾರಣ. ನಕ್ಷೆಯಲ್ಲಿ ಬಾತ್‌ರೂಮಿನ ಬಾಗಿಲು ಎರಡೂವರೆ ಅಡಿ. ವಾಕರ್ ಎರಡು ಅಡಿ ಅಗಲ. ಚೌಕಟ್ಟಿನ ದಪ್ಪ ಕಳೆದರೂ ಸಲೀಸಾಗಿ ಹೋಗಬೇಕು ಅಲ್ವಾ? ಹೋಗಲಿಲ್ಲ.

'ಸ್ವಲ್ಪ ಓರೆ ಮಾಡಿ ಮೇಡಂ, ಹೋಗುತ್ತೆ' ಎಂದ ಸೈಟ್ ಎಂಜಿನಿಯರ್. ಎಪ್ಪತ್ತೆಂಟು ವರ್ಷದವರು ರಾತ್ರಿ ಎರಡು ಗಂಟೆಗೆ ಎದ್ದು ವಾಕರ್ ಓರೆ ಮಾಡಬೇಕು ಅನ್ನುವುದು ಅವನ ಲೆಕ್ಕ.

ಟೇಪ್ ಹಿಡಿದೆವು. ಬಾಗಿಲ ಜಾಗ ಎರಡು ಅಡಿ ಮೂರು ಇಂಚು. ಚೌಕಟ್ಟು ಕಳೆದರೆ ಎರಡು ಅಡಿಗೂ ಕಡಿಮೆ. ಅನುಮಾನ ಬಂದು ರೂಮನ್ನೂ ಅಳೆದೆವು. ಹತ್ತೂವರೆ ಅಡಿ ಇರಬೇಕಾದ ಅಗಲ ಒಂಬತ್ತೂವರೆ ಇತ್ತು. ಯುಟಿಲಿಟಿಯಲ್ಲೂ ಒಂದು ಅಡಿ ಮಾಯ. ವಾಷಿಂಗ್ ಮೆಷಿನ್ ಇಟ್ಟರೆ ಅದರ ಮುಂದೆ ನಿಂತು ಬಟ್ಟೆ ಹಾಕಲು ಜಾಗ ಇಲ್ಲ.

ಎಂಜಿನಿಯರ್ ಮೊದಲು ಪ್ಲಾಸ್ಟರ್ ಮೇಲೆ ಹಾಕಿದ. ನಕ್ಷೆಯಲ್ಲಿರುವುದು ಪ್ಲಾಸ್ಟರ್ ಇಲ್ಲದ ಗೋಡೆಯ ಅಳತೆ, ಪ್ಲಾಸ್ಟರ್ ಆದಮೇಲೆ ಕಮ್ಮಿ ಆಗೇ ಆಗುತ್ತೆ ಅಂದ. ಮಾತು ಸುಳ್ಳಲ್ಲ. ಎರಡೂ ಕಡೆ ಸೇರಿ ಒಂದೋ ಒಂದೂವರೆಯೋ ಇಂಚು ಕಡಿಮೆ ಆಗಬಹುದು. ಆದರೆ ನಮ್ಮದು ಮಿವಾನ್ ಕಟ್ಟಡ. ಅಲ್ಯೂಮಿನಿಯಂ ಅಚ್ಚಿಗೆ ಕಾಂಕ್ರೀಟ್ ಸುರಿದು ಗೋಡೆ, ಚಾವಣಿ ಎಲ್ಲ ಒಟ್ಟಿಗೆ ಎಬ್ಬಿಸುತ್ತಾರೆ. ಆ ಗೋಡೆಗೆ ಪ್ಲಾಸ್ಟರೇ ಹಾಕುವುದಿಲ್ಲ, ಬರೀ ಪುಟ್ಟಿ ಬಳಿಯುತ್ತಾರೆ. ಪುಟ್ಟಿ ಒಂದು ಅಡಿ ದಪ್ಪ ಇರುವುದನ್ನು ನಾನಂತೂ ನೋಡಿಲ್ಲ.

ಅವತ್ತು ಅವರು ಒಂದು ಹಾಳೆ ಮುಂದಿಟ್ಟು ಸಹಿ ಕೇಳಿದರು. ಮೇಲೆ 'ಸ್ನ್ಯಾಗ್ ಲಿಸ್ಟ್' ಅಂತಿತ್ತು. ಟೈಲ್ಸ್ ಒಡೆದಿದೆಯಾ, ಕಿಟಕಿ ಸರಿಯಾಗಿ ಜಾರುತ್ತಾ, ಸ್ವಿಚ್ ಬೋರ್ಡ್ ನೆಟ್ಟಗಿದೆಯಾ ಅಂತ ಟಿಕ್ ಹಾಕುವ ಹಾಳೆ. ಗೋಡೆ ಜಾಗ ಬದಲಾಗಿದೆ ಅನ್ನುವುದಕ್ಕೆ ಅದರಲ್ಲಿ ಕಾಲಂ ಇರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ, 'ಮೇಲಿನವುಗಳನ್ನು ಬಿಟ್ಟು ಫ್ಲ್ಯಾಟ್ ಎಲ್ಲ ರೀತಿಯಲ್ಲೂ ಒಪ್ಪಿಗೆಯಾಗಿದೆ' ಎಂಬ ಅರ್ಥದ ಸಾಲು ಮಾತ್ರ ಇತ್ತು. ನನ್ನವರು ಆ ಸಾಲನ್ನು ಹೊಡೆದು ಹಾಕಿದರು. 'ರೂಮು, ಬಾಗಿಲು, ಯುಟಿಲಿಟಿ ಅಳತೆ ಕರಾರಿನ ನಕ್ಷೆಗೆ ಹೊಂದುವುದಿಲ್ಲ, ವಿವರ ಮೇಲ್‌ನಲ್ಲಿ' ಎಂದು ಕೈಯಲ್ಲೇ ಬರೆದು ಸಹಿ ಮಾಡಿ ಫೋಟೋ ತೆಗೆದುಕೊಂಡರು. ಮುಂದೆ ತುಂಬಾ ಕೆಲಸಕ್ಕೆ ಬಂದ ಫೋಟೋ ಅದು.

ಮನೆಗೆ ಬಂದು ಕಾಗದಗಳನ್ನೆಲ್ಲ ಹರವಿಕೊಂಡು ಕೂತೆವು. ಒಂದು ಫ್ಲ್ಯಾಟಿಗೆ ಎಷ್ಟು ನಕ್ಷೆ ಇರುತ್ತವೆ ಅನ್ನುವುದು ಆಗ ಗೊತ್ತಾಯಿತು. ಬುಕ್ ಮಾಡುವಾಗ ಕೊಟ್ಟ ಬಣ್ಣದ ಬ್ರೋಷರಿನಲ್ಲಿ ಒಂದು. (ಬ್ರೋಷರಿನಲ್ಲಿ ಮಂಚ, ಸೋಫಾ ಎಲ್ಲ ಬೇಕೆಂದೇ ಚಿಕ್ಕದಾಗಿ ಬಿಡಿಸುತ್ತಾರೆ, ರೂಮು ದೊಡ್ಡದಾಗಿ ಕಾಣಲಿ ಅಂತ. ನಮ್ಮ ಬ್ರೋಷರಿನ ಮಂಚವನ್ನು ಸ್ಕೇಲ್ ಇಟ್ಟು ಅಳೆದರೆ ಐದು ಅಡಿ ಉದ್ದ. ನಮ್ಮನೆಯಲ್ಲಿ ಅದರ ಮೇಲೆ ಮಲಗುವವರು ಯಾರೂ ಇಲ್ಲ.) ನೋಂದಣಿಯಾದ ಸೇಲ್ ಅಗ್ರಿಮೆಂಟಿನ ಕೊನೆಯಲ್ಲಿ ಅನುಬಂಧವಾಗಿ ಇನ್ನೊಂದು. ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಪೋರ್ಟಲಿನಲ್ಲಿ ಪ್ರಾಜೆಕ್ಟಿನ ಹೆಸರು ಹಾಕಿದರೆ ಸಿಗುವ ಮಂಜೂರಾದ ನಕ್ಷೆ ಮತ್ತೊಂದು. ಈ ಮೂರರಲ್ಲೂ ರೂಮು ಹತ್ತೂವರೆ ಅಡಿಯೇ.

ನಾಲ್ಕನೆಯದನ್ನು ತೋರಿಸಿಕೊಟ್ಟಿದ್ದು ಓಸಿ. ಬಿಲ್ಡರ್ ಕಳಿಸಿದ್ದ ಓಸಿಯ ಪ್ರತಿಯಲ್ಲಿ ಯಾವ ನಕ್ಷೆ, ಯಾವ ದಿನಾಂಕದ ಮಂಜೂರಾತಿ ಎಂದು ಬರೆದಿತ್ತು. ಅಲ್ಲಿ ಎರಡು ದಿನಾಂಕ ಇದ್ದವು. ಮೊದಲನೆಯದು ಮೂಲ ಮಂಜೂರಾತಿ. ಎರಡನೆಯದು ಮಾರ್ಪಡಿಸಿದ ನಕ್ಷೆಯ ಮಂಜೂರಾತಿ. ಆ ಎರಡನೇ ದಿನಾಂಕ ನಮ್ಮ ಅಗ್ರಿಮೆಂಟಿಗಿಂತ ಈಚಿನದು. ಅಂದರೆ ನಮಗೆ ಒಂದು ನಕ್ಷೆ ತೋರಿಸಿ, ಸಹಿ ಹಾಕಿಸಿ, ಕಂತು ತೆಗೆದುಕೊಳ್ಳುತ್ತಾ ಇರುವಾಗಲೇ ಬೇರೆ ನಕ್ಷೆಗೆ ಮಂಜೂರಾತಿ ಪಡೆದು ಅದರಂತೆ ಕಟ್ಟಿದ್ದಾರೆ. ನಮ್ಮನ್ನು ಒಂದು ಮಾತು ಕೇಳಿಲ್ಲ.

ಮೇಲ್ ಬರೆದೆ. ಸಿಟ್ಟಿನ ಮೇಲ್ ಅಲ್ಲ. ಕರಾರಿನಲ್ಲಿ ಇಷ್ಟು, ಇರುವುದು ಇಷ್ಟು, ವ್ಯತ್ಯಾಸ ಇಷ್ಟು. ಮಾರ್ಪಡಿಸಿದ ನಕ್ಷೆಯ ಪ್ರತಿ ಮತ್ತು ಈಗ ಇರುವಂತೆ ಕಟ್ಟಡದ ಡ್ರಾಯಿಂಗ್ ಕೊಡಿ. ನಮ್ಮ ಒಪ್ಪಿಗೆ ಯಾವಾಗ ಪಡೆದಿರಿ, ಅದರ ಪ್ರತಿ ಕೊಡಿ. ಇಷ್ಟೇ. ರೇರಾ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಂಜೂರಾದ ನಕ್ಷೆಯ ಮಾಹಿತಿ ಪಡೆಯುವುದು ಖರೀದಿದಾರರ ಹಕ್ಕು ಅನ್ನುವುದನ್ನೂ ಸೇರಿಸಿದೆ.

ಅವರ ಸಿಆರ್‌ಎಂ, ಅಂದರೆ ಗ್ರಾಹಕರ ಜೊತೆ ಮಾತಾಡುವ ವಿಭಾಗದ ಹುಡುಗಿ ಫೋನ್ ಮಾಡಿದಳು. ಪಾಪ, ಒಳ್ಳೆಯ ಹುಡುಗಿ, ಹೇಳಿಕೊಟ್ಟಿದ್ದನ್ನು ಹೇಳುತ್ತಾಳೆ. 'ಮೇಡಂ, ಈಗ ವಾಸ್ತು ಪ್ರಕಾರ ಇನ್ನೂ ಚೆನ್ನಾಗಾಗಿದೆ' ಅಂದಳು. ಫೋನಿನಲ್ಲಿ ಬೇಡಮ್ಮ, ಇದನ್ನೇ ಮೇಲ್‌ನಲ್ಲಿ ಬರಿ ಅಂದೆ. ಬರೆಯಲಿಲ್ಲ. ಅಲ್ಲಿಂದ ಮುಂದೆ ಫೋನಿನಲ್ಲಿ ಏನೇ ಮಾತಾದರೂ, 'ಈಗ ನೀವು ಹೇಳಿದ್ದು ಹೀಗೆ, ತಪ್ಪಿದ್ದರೆ ತಿಳಿಸಿ' ಅಂತ ನಾನೇ ಮೇಲ್ ಹಾಕುತ್ತಿದ್ದೆ. ಯಾರೂ ತಪ್ಪಿದೆ ಅನ್ನಲಿಲ್ಲ.

ಈ ಮಧ್ಯೆ ಒಬ್ಬ ಆರ್ಕಿಟೆಕ್ಟನ್ನು ಕರೆಸಿ ಅಳೆಸಿದೆವು. ನಾವು ಟೇಪ್ ಹಿಡಿದು ಅಳೆದಿದ್ದನ್ನು ಬಿಲ್ಡರ್ ಕಡೆಯವರು ಸುಲಭವಾಗಿ ತಳ್ಳಿಹಾಕುತ್ತಾರೆ, ಸಹಿ ಮತ್ತು ಸೀಲು ಇರುವ ಹಾಳೆಯನ್ನು ತಳ್ಳಿಹಾಕುವುದು ಕಷ್ಟ. ಆತ ಲೇಸರ್ ಮೀಟರ್ ತಂದು ಒಂದೊಂದು ಗೋಡೆಯನ್ನೂ ನೆಲದ ಹತ್ತಿರ, ಸೊಂಟದ ಮಟ್ಟದಲ್ಲಿ, ಚಾವಣಿಯ ಹತ್ತಿರ ಅಳೆದರು. ಮೂಲೆಯಿಂದ ಮೂಲೆಗೂ ಅಳೆದರು, ರೂಮು ಚೌಕವಾಗಿದೆಯೋ ಇಲ್ಲವೋ ನೋಡಲು. ಆಮೇಲೆ ಕಾರಣವನ್ನೂ ಹಿಡಿದರು. ಯುಟಿಲಿಟಿಗೂ ಬಾತ್‌ರೂಮಿಗೂ ಮಧ್ಯೆ ಪೈಪುಗಳು ಇಳಿಯುವ ಶಾಫ್ಟ್ ಇದೆ. ಅದು ಎರಡೂ ಕಡೆಗೆ ಒಂದೊಂದು ಅಡಿ ಹಿಗ್ಗಿದೆ. ಯುಟಿಲಿಟಿ ತನ್ನ ಅಡಿಯನ್ನು ಕಳೆದುಕೊಂಡಿತು. ಬಾತ್‌ರೂಮ್ ತಾನು ಕಳೆದುಕೊಂಡ ಅಡಿಯನ್ನು ಬೆಡ್‌ರೂಮಿನಿಂದ ವಸೂಲಿ ಮಾಡಿತು. ಆ ಒತ್ತಡದಲ್ಲಿ ಬಾಗಿಲಿಗೆ ಜಾಗ ಸಾಲಲಿಲ್ಲ.

ಕಾರ್ಪೆಟ್ ಏರಿಯಾದ ಲೆಕ್ಕವನ್ನೂ ಅವರೇ ಬಿಡಿಸಿ ಹೇಳಿದರು. ರೇರಾ ಪ್ರಕಾರ ಕಾರ್ಪೆಟ್ ಏರಿಯಾ ಅಂದರೆ ಮನೆಯೊಳಗೆ ಬಳಸಲು ಸಿಗುವ ನೆಲ. ಒಳಗಿನ ಅಡ್ಡಗೋಡೆಗಳು ಅದರಲ್ಲಿ ಸೇರುತ್ತವೆ. ಹೊರಗೋಡೆ, ಶಾಫ್ಟ್, ಬಾಲ್ಕನಿ ಸೇರುವುದಿಲ್ಲ. ಹಾಗಾಗಿ ಗೋಡೆ ಒಳಗೊಳಗೇ ಸರಿದಿದ್ದರೆ ಒಟ್ಟು ಅಂಕಿ ಬದಲಾಗುತ್ತಿರಲಿಲ್ಲ. ಶಾಫ್ಟ್ ನುಂಗಿದ್ದರಿಂದ ಬದಲಾಗಿದೆ. ಕರಾರಿನಲ್ಲಿ 812 ಚದರಡಿ. ಈಗ ಇರುವುದು 801. ಯುಟಿಲಿಟಿಯನ್ನು ಕರಾರಿನಲ್ಲಿ ಬಾಲ್ಕನಿಯ ಜೊತೆ ಬೇರೆಯಾಗಿ ತೋರಿಸಿದ್ದರು. ಅಲ್ಲಿ ಇನ್ನೊಂದು 7 ಚದರಡಿ ಹೋಗಿತ್ತು. ಒಟ್ಟು 18.

ಹದಿನೆಂಟು ಚದರಡಿ ಅಂದರೆ ಕೇಳುವವರಿಗೆ ಜುಜುಬಿ. ಅದೇ ಸ್ಟ್ಯಾಕಿನ, ಅಂದರೆ ನಮ್ಮ ಮೇಲೆ ಕೆಳಗೆ ಇರುವ ಫ್ಲ್ಯಾಟುಗಳವರನ್ನು ಹುಡುಕಿ ಮಾತಾಡಿಸಿದಾಗ ಅರ್ಧ ಜನ ಹೇಳಿದ್ದು ಅದನ್ನೇ. 'ಬಿಡಿ ಮೇಡಂ, ಬೆಂಗಳೂರಲ್ಲಿ ಓಸಿ ಇರೋ ಫ್ಲ್ಯಾಟ್ ಸಿಕ್ಕಿದ್ದೇ ಪುಣ್ಯ.' ಅದೂ ಒಂದು ಮಾತೇ. ಓಸಿ ಇಲ್ಲದೆ ಹೊಸ ಕಟ್ಟಡಕ್ಕೆ ಕರೆಂಟು, ನೀರು, ಬ್ಯಾಂಕ್ ಸಾಲ ಯಾವುದೂ ಕೊಡಬಾರದು ಅಂತ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ಊರಿನಲ್ಲಿ ಎಷ್ಟು ಕಟ್ಟಡಗಳು ಬೆಸ್ಕಾಂ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡವು ಅನ್ನುವುದನ್ನು ನಾವೂ ನೋಡಿದ್ದೇವೆ. ಆದರೆ ನಮಗೆ ಕಾರ್ಪೆಟ್ ಚದರಡಿಗೆ ಬಿದ್ದ ಬೆಲೆ ಸುಮಾರು 12 ಸಾವಿರ. ಹದಿನೆಂಟಕ್ಕೆ 2 ಲಕ್ಷ 16 ಸಾವಿರ. ಅದಕ್ಕೂ ಮಿಗಿಲಾಗಿ ಅತ್ತೆಯ ಬಾಗಿಲು.

ಇನ್ನರ್ಧ ಜನ ಜೊತೆಗೆ ಬಂದರು. ಅವರಲ್ಲೊಬ್ಬರು ನಿವೃತ್ತ ಸಿವಿಲ್ ಎಂಜಿನಿಯರ್. ಮಾತು ಕಡಿಮೆ, ಫೈಲು ಜಾಸ್ತಿ. ಅವರು ಬಂದ ಮೇಲೆ ನಮ್ಮ ಬಲ ಎರಡು ಪಟ್ಟಾಯಿತು.

ಬಿಲ್ಡರ್ ಆಫೀಸಿನಲ್ಲಿ ಮೀಟಿಂಗ್ ಕರೆದರು. ಕಾಫಿ, ಬಿಸ್ಕೆಟ್, ಎಸಿ. ಪ್ರಾಜೆಕ್ಟ್ ಹೆಡ್ ಮತ್ತು ಅವರ ಲೀಗಲ್‌ನವರು ಕೂತಿದ್ದರು. ಅವರು ಮಾತಾಡಿದ್ದನ್ನೆಲ್ಲ ಸೋಸಿದರೆ ಉಳಿಯುವುದು ನಾಲ್ಕು ವಾದ.

ಮೊದಲನೆಯದು, ಇದು ಮೈನರ್ ಚೇಂಜ್. ಎಸ್‌ಟಿಪಿಯ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಸಂಸ್ಕರಿಸಿದ ನೀರನ್ನು ಫ್ಲಶ್‌ಗೆ ಕೊಡಲು ಪ್ರತ್ಯೇಕ ಪೈಪ್ ಲೈನ್ ಬೇಕಾಯಿತು, ಅದಕ್ಕೆ ಶಾಫ್ಟ್ ದೊಡ್ಡದು ಮಾಡಬೇಕಾಯಿತು ಅಂದರು. ಕಾರಣ ನಿಜವೇ ಇರಬಹುದು. ಆದರೆ 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಈ ವಿಷಯದಲ್ಲಿ ತುಂಬಾ ಬಿಡಿಸಿ ಹೇಳುತ್ತದೆ. ಖರೀದಿದಾರರಿಗೆ ನಕ್ಷೆ ತೋರಿಸಿದ ಮೇಲೆ, ಅವರ ಫ್ಲ್ಯಾಟಿನ ನಕ್ಷೆ, ಫಿಟ್ಟಿಂಗು, ಸೌಕರ್ಯ ಯಾವುದನ್ನೂ ಅವರ ಒಪ್ಪಿಗೆ ಮೊದಲೇ ಪಡೆಯದೆ ಬದಲಿಸುವ ಹಾಗಿಲ್ಲ. ಸಣ್ಣಪುಟ್ಟ ಬದಲಾವಣೆಗೆ ವಿನಾಯಿತಿ ಇದೆ. ಅದಕ್ಕೂ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಶಿಫಾರಸು ಮಾಡಿ ಪರಿಶೀಲಿಸಿರಬೇಕು, ಖರೀದಿದಾರರಿಗೆ ತಿಳಿಸಿರಬೇಕು. ಮುಖ್ಯವಾದದ್ದು ಅದರ ಕೆಳಗಿನ ವಿವರಣೆ. ಯಾವುದು ಸಣ್ಣ ಬದಲಾವಣೆ ಅಲ್ಲ ಅಂತ ಅಲ್ಲಿ ಪಟ್ಟಿಯೇ ಇದೆ. ಗೋಡೆ ಕಟ್ಟುವುದು, ಗೋಡೆ ಅಥವಾ ಅದರ ಭಾಗ ತೆಗೆಯುವುದು, ಅಡ್ಡಗೋಡೆ, ಕಂಬ, ತೊಲೆ, ನೆಲ ಇವುಗಳ ಬದಲಾವಣೆ, ಓಡಾಡುವ ದಾರಿಯನ್ನು ಬದಲಿಸುವುದು ಎಲ್ಲ ಅದರಲ್ಲಿ ಬರುತ್ತದೆ. ನಮ್ಮ ಎಂಜಿನಿಯರ್ ಅಂಕಲ್ ಅದನ್ನು ಪ್ರಿಂಟ್ ಹಾಕಿಸಿ, ಗೋಡೆ ಅನ್ನುವ ಪದಕ್ಕೆ ಹಳದಿ ಬಣ್ಣ ಬಳಿದು ತಂದಿದ್ದರು. ಅದನ್ನು ಮೇಜಿನ ಮೇಲೆ ಇಟ್ಟು ಸುಮ್ಮನೆ ಕಾಫಿ ಕುಡಿದರು.

ಎರಡನೆಯದು, ನಿಮ್ಮ ಅಗ್ರಿಮೆಂಟಿನಲ್ಲೇ ಬದಲಾವಣೆಗೆ ಒಪ್ಪಿದ್ದೀರಿ. ನಿಜ, ಒಂದು ಷರತ್ತು ಇತ್ತು. ಅಗತ್ಯ ಬಿದ್ದರೆ ನಕ್ಷೆ ಬದಲಿಸುವ ಅಧಿಕಾರ ಪ್ರವರ್ತಕರಿಗೆ, ಅಂದರೆ ಬಿಲ್ಡರಿಗೆ, ಇದೆ ಅಂತ. ಇದು ಬೆಂಗಳೂರಿನ ಬಹುಪಾಲು ಅಗ್ರಿಮೆಂಟುಗಳಲ್ಲಿ ಇರುತ್ತದೆ ಅಂತ ನಾವು ತೋರಿಸಿದ ಜಯನಗರದ ವಕೀಲರು ಹೇಳಿದ್ದರು. ಅದನ್ನು ಓದಿ ಸುಮಾರು ಜನ ಅಲ್ಲಿಗೇ ಕೈಚೆಲ್ಲುತ್ತಾರಂತೆ. ಆದರೆ 14ನೇ ಸೆಕ್ಷನ್ನಿನ ಎರಡನೇ ಭಾಗ ಶುರುವಾಗುವುದೇ, ಯಾವುದೇ ಕಾನೂನು, ಕರಾರು, ಒಪ್ಪಂದದಲ್ಲಿ ಏನೇ ಇದ್ದರೂ ಎಂಬ ಮಾತಿನಿಂದ. ಮುಂದೆ ಎಂದೋ ಮಾಡಲಿರುವ ಬದಲಾವಣೆಗೆ ಇವತ್ತೇ ಕಣ್ಣುಮುಚ್ಚಿ ಸಹಿ ಹಾಕಿಸಿಕೊಂಡರೆ ಅದು ಈ ಕಾಯ್ದೆ ಕೇಳುವ ಒಪ್ಪಿಗೆ ಆಗುವುದಿಲ್ಲ ಅನ್ನುವುದು ವಕೀಲರ ನಿಲುವು. ಏಕಪಕ್ಷೀಯ ಷರತ್ತುಗಳನ್ನು ಖರೀದಿದಾರರ ತಲೆಗೆ ಕಟ್ಟುವುದು ಅನ್ಯಾಯದ ವ್ಯಾಪಾರ ಪದ್ಧತಿ ಅಂತ 2019ರಲ್ಲಿ ಪಯನೀರ್ ಅರ್ಬನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನೂ ಅವರು ನೋಟಿಸಿಗೆ ಸೇರಿಸಿದ್ದರು.

ಮೂರನೆಯದು, ಮಾರ್ಪಡಿಸಿದ ನಕ್ಷೆಗೆ ಮಂಜೂರಾತಿ ಸಿಕ್ಕಿದೆ, ಓಸಿಯೂ ಬಂದಿದೆ. ಇದಕ್ಕೆ ನನ್ನವರು ಉತ್ತರ ಕೊಟ್ಟರು: ಪಾಲಿಕೆ ಒಪ್ಪಿದ್ದು ಪಾಲಿಕೆಯ ನಿಯಮಕ್ಕೆ, ನಮ್ಮ ಒಪ್ಪಿಗೆ ಬೇರೆ. ಕಟ್ಟಡ ಅಕ್ರಮ ಅಂತ ನಾವೂ ಹೇಳುತ್ತಿಲ್ಲ. ನಮಗೆ ಮಾರಿದ ಮನೆ ಇದಲ್ಲ ಅಂತ ಹೇಳುತ್ತಿದ್ದೇವೆ.

ನಾಲ್ಕನೆಯದು ನನಗೆ ತುಂಬಾ ಹಿಡಿಸಿತು, ಅಷ್ಟು ಜಾಣತನ ಅದರಲ್ಲಿತ್ತು. ಶೇಕಡಾ 3ರವರೆಗೆ ವ್ಯತ್ಯಾಸ ಆಗಬಹುದು ಅಂತ ಅಗ್ರಿಮೆಂಟಿನಲ್ಲೇ ಇದೆ, ನಿಮ್ಮದು ಒಂದೂವರೆ ಶೇಕಡಾವೂ ಇಲ್ಲ ಅಂದರು. ನಾನು ಅಗ್ರಿಮೆಂಟ್ ತೆಗೆದು ಆ ಪ್ಯಾರಾ ಓದಿದೆ. ಏರಿಯಾ ಜಾಸ್ತಿ ಆದರೆ ನಮ್ಮಿಂದ ಶೇಕಡಾ 3ಕ್ಕಿಂತ ಹೆಚ್ಚಿಗೆ ಕೇಳುವ ಹಾಗಿಲ್ಲ ಅಂತ ಅಲ್ಲಿತ್ತು. ಆ ಮಿತಿ ಇದ್ದಿದ್ದು ಅವರಿಗೆ. ಏರಿಯಾ ಕಡಿಮೆ ಆದರೆ? ಹೆಚ್ಚಿಗೆ ಕಟ್ಟಿದ ಹಣವನ್ನು 45 ದಿನದಲ್ಲಿ ಬಡ್ಡಿ ಸಮೇತ ವಾಪಸ್ ಕೊಡಬೇಕು. ಅಲ್ಲಿ ಯಾವ ಶೇಕಡಾವೂ ಇಲ್ಲ, ಎಷ್ಟು ಕಡಿಮೆ ಆಗಿದೆಯೋ ಅಷ್ಟು. ಲೀಗಲ್‌ನವರು ತಮ್ಮ ಪ್ರತಿಯಲ್ಲಿ ಪುಟ ಹುಡುಕತೊಡಗಿದರು.

ಆಮೇಲೆ ಮೂಗಿಗೆ ತುಪ್ಪ ಸವರುವ ಕೆಲಸ ಶುರುವಾಯಿತು. ಒಂದು ವರ್ಷದ ಮೇಂಟೆನೆನ್ಸ್ ಫ್ರೀ ಕೊಡುತ್ತೇವೆ ಅಂದರು. ನಮ್ಮಲ್ಲಿ ಮೇಂಟೆನೆನ್ಸ್ ಸೂಪರ್ ಬಿಲ್ಟ್ ಅಪ್ (ಗೋಡೆ, ಬಾಲ್ಕನಿ, ಎಲ್ಲರಿಗೂ ಸೇರಿದ ಜಾಗದ ಪಾಲು ಎಲ್ಲ ಸೇರಿದ ಅಳತೆ) ಚದರಡಿಗೆ 4 ರೂಪಾಯಿ. 1,200 ಚದರಡಿಗೆ ತಿಂಗಳಿಗೆ 4,800, ವರ್ಷಕ್ಕೆ 57,600. ಎರಡು ಲಕ್ಷ ಚಿಲ್ಲರೆಯ ಬದಲಿಗೆ ಐವತ್ತೇಳು ಸಾವಿರ. ಅದರ ಜೊತೆ 'ಇನ್ನು ಯಾವ ತಕರಾರೂ ಇಲ್ಲ' ಎಂಬ ಪತ್ರಕ್ಕೆ ಸಹಿ. ಕೆಲವರು ಅಲ್ಲೇ ಸಹಿ ಹಾಕಿದರು. ಅವರನ್ನು ನಾನು ದೂರುವುದಿಲ್ಲ. ಬಾಡಿಗೆ ಒಂದು ಕಡೆ, ಇಎಂಐ ಇನ್ನೊಂದು ಕಡೆ ಕಟ್ಟುವವರಿಗೆ ಒಂದೊಂದು ತಿಂಗಳೂ ಭಾರ.

ಅದೇ ಸಮಯದಲ್ಲಿ ಹ್ಯಾಂಡೋವರ್ ಕಾಗದಗಳ ಕಟ್ಟಿನ ಮಧ್ಯೆ ಇನ್ನೊಂದು ಒಪ್ಪಿಗೆ ಪತ್ರ ಸೇರಿಸಿದ್ದು ಅಂಕಲ್ ಕಣ್ಣಿಗೆ ಬಿತ್ತು. ಕ್ಲಬ್‌ಹೌಸಿನ ಒಂದು ಭಾಗವನ್ನು ಬದಲಿಸಲು ಸಮ್ಮತಿ. ಎಲ್ಲರಿಗೂ ಸೇರಿದ ಜಾಗ ಬದಲಿಸಲು ಖರೀದಿದಾರರಲ್ಲಿ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆ ಮೊದಲೇ ಬೇಕು. ಒಬ್ಬರು ಎಷ್ಟು ಫ್ಲ್ಯಾಟ್ ತೆಗೆದುಕೊಂಡಿದ್ದರೂ ಲೆಕ್ಕಕ್ಕೆ ಒಂದೇ ಮತ. ಮನೆಯವರ ಹೆಸರಿನಲ್ಲಿ ಇದ್ದರೂ ಅಷ್ಟೇ. ನಾವು ಯಾರೂ ಆ ಹಾಳೆಗೆ ಸಹಿ ಹಾಕಲಿಲ್ಲ. ಗ್ರೂಪಿನಲ್ಲಿ ಫೋಟೋ ಹಾಕಿದೆವು. ಅದು ಬೇರೆಯೇ ಕಥೆ, ಈಗ ಬೇಡ.

ನಮ್ಮ ಮುಂದೆ ಇದ್ದ ದಾರಿಗಳನ್ನು ವಕೀಲರು ಹೀಗೆ ವಿಂಗಡಿಸಿದರು. ಪ್ರಾಧಿಕಾರಕ್ಕೆ ದೂರು ಕೊಡಲು ಫಾರಂ ಎನ್, ಶುಲ್ಕ ಸಾವಿರ ರೂಪಾಯಿ. ನಷ್ಟ ಪರಿಹಾರ ಬೇಕಿದ್ದರೆ ನ್ಯಾಯನಿರ್ಣಾಯಕ ಅಧಿಕಾರಿಗೆ ಫಾರಂ ಓ, ಐದು ಸಾವಿರ. ಎರಡೂ ಆನ್‌ಲೈನ್. ಮಿಷನ್ ರಸ್ತೆಯ ರೇರಾ ಕಚೇರಿಗೆ ಸುಮ್ಮನೆ ಅಲೆಯುವ ಅಗತ್ಯ ಇಲ್ಲ. ದೂರನ್ನು 60 ದಿನದಲ್ಲಿ ಮುಗಿಸಲು ನೋಡಬೇಕು ಅಂತ ಕಾಯ್ದೆ ಹೇಳುತ್ತದೆ. 'ಆ ಅರವತ್ತನ್ನು ನಂಬಿ ಮನೆ ಬದಲಿಸುವ ದಿನ ನಿಗದಿ ಮಾಡಬೇಡಿ' ಅಂದರು ವಕೀಲರು. ಆದೇಶ ಬಂದ ಮೇಲೂ ಬಿಲ್ಡರ್ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಆಗಬೇಕು, ಅದು ಜಿಲ್ಲಾಧಿಕಾರಿ ಕಚೇರಿಯ ಮೂಲಕ. ಆದೇಶ ಕೈಯಲ್ಲಿ ಹಿಡಿದು ಹಣಕ್ಕೆ ಕಾಯುತ್ತಿರುವವರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ.

ಹಾಗಂತ ಕೈಕಟ್ಟಿ ಕೂರುವ ಹಾಗೂ ಇಲ್ಲ. ಓಸಿ ಬಂದ ಎರಡು ತಿಂಗಳೊಳಗೆ ಖರೀದಿದಾರರು ಸ್ವಾಧೀನ ತೆಗೆದುಕೊಳ್ಳಬೇಕು ಅಂತ ಅದೇ 19ನೇ ಸೆಕ್ಷನ್ ಹೇಳುತ್ತದೆ. ಕಂತು ತಡ ಮಾಡಿದರೆ ನಾವೇ ಬಡ್ಡಿ ಕಟ್ಟಬೇಕು. ಕರ್ನಾಟಕದ ನಿಯಮದಲ್ಲಿ ಆ ಬಡ್ಡಿ ಸ್ಟೇಟ್ ಬ್ಯಾಂಕಿನ ಅತಿ ಹೆಚ್ಚಿನ ಎಂಸಿಎಲ್‌ಆರ್ (ಸಾಲಕ್ಕೆ ಬ್ಯಾಂಕ್ ಇಟ್ಟುಕೊಳ್ಳುವ ಮೂಲ ಬಡ್ಡಿ ದರ) ಮೇಲೆ ಶೇಕಡಾ 2. ಅವರು ನಮಗೆ ಕೊಡಬೇಕಾದಾಗಲೂ ಅದೇ ದರ. ಕೊನೆಯ ಶೇಕಡಾ 5ರ ಕಂತನ್ನು ತಡೆ ಹಿಡಿಯೋಣ ಅಂತ ನನ್ನವರಿಗೆ ಮನಸ್ಸಿತ್ತು. ವಕೀಲರು ಬೇಡ ಅಂದರು. ಸುಮ್ಮನೆ ತಡೆದರೆ ತಪ್ಪು ನಮ್ಮದಾಗುತ್ತದೆ. ಹಣ ಸಿದ್ಧವಿದೆ, ಬ್ಯಾಂಕ್ ಬಿಡುಗಡೆಗೆ ತಯಾರಿದೆ, ಏರಿಯಾ ಕಡಿತದ ಲೆಕ್ಕ ಹೊಂದಿಸಿ ಹೊಸ ಡಿಮ್ಯಾಂಡ್ ನೋಟಿಸ್ ಕೊಡಿ, ತಕ್ಷಣ ಕಟ್ಟುತ್ತೇವೆ ಅಂತ ಬರೆಯಿರಿ ಅಂದರು. ಹಾಗೇ ಬರೆದೆವು. ಈಗ ತಡ ಮಾಡುತ್ತಿರುವವರು ಅವರು.

ಇನ್ನು ಗೋಡೆ. ಗೋಡೆ ಒಡೆದು ಮೊದಲಿನ ಜಾಗಕ್ಕೆ ತನ್ನಿ ಅನ್ನುವುದು ನಮ್ಮ ಮೊದಲ ಬೇಡಿಕೆ. ಅಂಕಲ್ ಬಂದು ಬೆಡ್‌ರೂಮಿನ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ ತಲೆ ಆಡಿಸಿದರು. ಮಿವಾನ್ ಕಟ್ಟಡದಲ್ಲಿ ಒಳಗಿನ ಗೋಡೆಯೂ ಭಾರ ಹೊರುತ್ತದೆ. ಮೇಲಿನ ಇಷ್ಟೂ ಮಹಡಿಗಳ ಹೊರೆಯಲ್ಲಿ ಅದಕ್ಕೂ ಪಾಲಿದೆ. ಅದನ್ನು ಕಡಿಯುವುದು ಅಂದರೆ ನಮ್ಮ ರೂಮು ಸರಿಯಾಗಲಿ ಅಂತ ಇಡೀ ಸ್ಟ್ಯಾಕಿಗೆ ಕೈ ಹಾಕಿದ ಹಾಗೆ. ಆದರೆ ಬಾತ್‌ರೂಮ್ ಬಾಗಿಲಿರುವ ಸಣ್ಣ ಅಡ್ಡಗೋಡೆ ಬೇರೆ ಸದ್ದು ಮಾಡಿತು. ಅದು ಆಮೇಲೆ ಕಟ್ಟಿದ ನಾಲ್ಕು ಇಂಚಿನ ಬ್ಲಾಕ್ ಗೋಡೆ. ಸ್ಟ್ರಕ್ಚರಲ್ ಡ್ರಾಯಿಂಗಿನಲ್ಲೂ ಹಾಗೇ ಇತ್ತು. ಅದನ್ನು ಕತ್ತರಿಸಬಹುದು.

ಇದು ಗೊತ್ತಾದ ಮೇಲೆ ನಮ್ಮ ಕೇಳಿಕೆ ಬದಲಾಯಿತು. ಕಾಂಕ್ರೀಟ್ ಗೋಡೆ ಇದ್ದಲ್ಲೇ ಇರಲಿ, ಅದಕ್ಕೆ ಹಣ ಕೊಡಿ. ಬ್ಲಾಕ್ ಗೋಡೆಯನ್ನು ಸರಿಪಡಿಸಿ ಬಾಗಿಲನ್ನು ಎರಡೂವರೆ ಅಡಿ ಮಾಡಿಕೊಡಿ, ನಿಮ್ಮ ಖರ್ಚಿನಲ್ಲಿ, ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ಲಿಖಿತವಾಗಿ ಒಪ್ಪಿದ ಮೇಲೆ. ಸ್ವಿಚ್ ಬೋರ್ಡು ಬಾಗಿಲ ಹಿಂದೆ ಹೋಗುತ್ತದೆ, ಅದನ್ನೂ ಸರಿಸಿ. ಯುಟಿಲಿಟಿಯ 7 ಚದರಡಿಗೂ ಅದೇ ದರ.

ಯುಟಿಲಿಟಿಯ ವಿಷಯದಲ್ಲಿ ಎಳೆದಾಟ ಜಾಸ್ತಿ ಆಯಿತು. ಅದು ಕಾರ್ಪೆಟ್‌ನಲ್ಲಿ ಇಲ್ಲ, ಹಾಗಾಗಿ ಅದಕ್ಕೆ ಬೆಲೆ ಇಲ್ಲ ಅಂತ ಅವರು ರಾಗ ಎಳೆದರು. ಬೆಲೆ ಇಲ್ಲದಿದ್ದರೆ ಸೂಪರ್ ಬಿಲ್ಟ್ ಅಪ್ ಲೆಕ್ಕದಲ್ಲಿ ಅದನ್ನು ಸೇರಿಸಿ ನಮಗೆ ಯಾಕೆ ಮಾರಿದಿರಿ ಅಂತ ಕೇಳಿದೆವು. ಉತ್ತರ ಬರಲಿಲ್ಲ. ವಕೀಲರ ನೋಟಿಸ್ ಹೋಯಿತು. ಅದರ ಜೊತೆ ಫಾರಂ ಎನ್‌ನಲ್ಲಿ ತುಂಬಿಟ್ಟ ದೂರಿನ ಕರಡನ್ನೂ ಕಳಿಸಿದೆವು. ಅನುಬಂಧವಾಗಿ ನಾಲ್ಕೂ ನಕ್ಷೆ ಅಕ್ಕಪಕ್ಕ, ಆರ್ಕಿಟೆಕ್ಟ್ ವರದಿ, ಅವತ್ತಿನ ಸ್ನ್ಯಾಗ್ ಲಿಸ್ಟಿನ ಫೋಟೋ. ಸ್ಟ್ಯಾಕಿನ ಉಳಿದವರದ್ದೂ ಹೀಗೇ ಹೋದವು. ಹೊಸ ಹಂತದ ಫ್ಲ್ಯಾಟುಗಳನ್ನು ಆಗಷ್ಟೇ ಮಾರಲು ಶುರು ಮಾಡಿದ್ದ ಬಿಲ್ಡರಿಗೆ ರೇರಾ ಪೋರ್ಟಲಿನಲ್ಲಿ ತನ್ನ ಹೆಸರಿನ ಕೆಳಗೆ ದೂರುಗಳ ಸಾಲು ಬೇಕಿರಲಿಲ್ಲ ಅಂತ ಕಾಣುತ್ತದೆ. ಮಾತು ಮೆತ್ತಗಾಯಿತು.

ಕೊನೆಗೆ ಒಪ್ಪಂದ ಆಗಿದ್ದು ಹೀಗೆ. 18 ಚದರಡಿಯ 2 ಲಕ್ಷ 16 ಸಾವಿರ ಮತ್ತು ಅದರ ಬಡ್ಡಿಯನ್ನು ಕೊನೆಯ ಕಂತಿನಲ್ಲಿ ವಜಾ ಮಾಡಿದರು. ಆ ಮೊತ್ತದ ಮೇಲೆ ನಾವು ಕಟ್ಟಿದ್ದ ಶೇಕಡಾ 5ರ ಜಿಎಸ್‌ಟಿ, ಅಂದರೆ 10,800 ರೂಪಾಯಿಗೆ ಕ್ರೆಡಿಟ್ ನೋಟ್ ಕೊಟ್ಟರು. ಇದನ್ನು ನಾವು ಕೇಳದಿದ್ದರೆ ಯಾರೂ ನೆನಪಿಸುತ್ತಿರಲಿಲ್ಲ. ಬಾಗಿಲು ಅಗಲ ಮಾಡಿದರು. ಧೂಳು ಅಂದರೆ ಧೂಳು, ಆದರೆ ಕೆಲಸ ಚೊಕ್ಕವಾಗಿತ್ತು. ಕೆಲಸ ಮಾಡಿದ ಮೇಸ್ತ್ರಿ ರಾಯಚೂರಿನ ಕಡೆಯವರು. ಅತ್ತೆಗಾಗಿ ಹೊಸ್ತಿಲನ್ನು ನೆಲದ ಸಮಕ್ಕೆ ಇಳಿಸಿ, ನೀರು ಹೊರಗೆ ಬರದಂತೆ ಒಳಗೆ ಇಳಿಜಾರು ಕೊಟ್ಟರು. ಅದನ್ನು ನಾವು ಕೇಳಿಯೇ ಇರಲಿಲ್ಲ. ಇಡೀ ವ್ಯವಹಾರದಲ್ಲಿ ಮನೆ ಯಾರಿಗೆ ಅಂತ ಕೇಳಿದ್ದು ಅವರೊಬ್ಬರೇ.

ಒಪ್ಪಂದದ ಕಾಗದದಲ್ಲಿ ಅವರು ಮೊದಲು ಬರೆದಿದ್ದು 'ಈ ಫ್ಲ್ಯಾಟಿಗೆ ಸಂಬಂಧಿಸಿದಂತೆ ಯಾವುದೇ ತಕರಾರು ಇಲ್ಲ, ಮುಂದೆಯೂ ಇರುವುದಿಲ್ಲ' ಅಂತ. ವಕೀಲರು ಅದನ್ನು 'ಮೇಲೆ ಹೇಳಿದ ಅಳತೆ ಮತ್ತು ವಿನ್ಯಾಸದ ಬದಲಾವಣೆಗೆ ಸಂಬಂಧಿಸಿದಂತೆ ಮಾತ್ರ' ಅಂತ ತಿದ್ದಿಸಿದರು. ಯಾಕೆಂದರೆ ಸ್ವಾಧೀನ ಪಡೆದ ದಿನದಿಂದ ಐದು ವರ್ಷದವರೆಗೆ ಕಟ್ಟಡದ ದೋಷ ಕಂಡುಬಂದರೆ, ತಿಳಿಸಿದ 30 ದಿನದಲ್ಲಿ ಪುಕ್ಕಟೆಯಾಗಿ ಸರಿಮಾಡಿ ಕೊಡುವುದು ಬಿಲ್ಡರಿನ ಹೊಣೆ. ಮೊದಲಿನ ಸಾಲಿಗೆ ಸಹಿ ಹಾಕಿದ್ದರೆ ನಾಳೆ ಬಾತ್‌ರೂಮ್ ಸೋರಿದಾಗ ಅದನ್ನೇ ನಮ್ಮ ಮುಂದೆ ಹಿಡಿಯುತ್ತಿದ್ದರು.

ನೋಂದಣಿಗೆ ಮೊದಲು ಬಂದ ಸೇಲ್ ಡೀಡಿನ ಕರಡಿನಲ್ಲೂ ಎರಡು ಸಂಗತಿ ಸಿಕ್ಕವು. ಕಾರ್ಪೆಟ್ ಏರಿಯಾ ಇನ್ನೂ 812 ಅಂತಲೇ ಇತ್ತು. ಹಳೆಯ ಫೈಲನ್ನೇ ಎತ್ತಿ ಹಾಕಿದ್ದರು. 801 ಅಂತ ತಿದ್ದಿಸಿ, ಈಗ ಇರುವ ನಕ್ಷೆಯನ್ನೇ ಅನುಬಂಧವಾಗಿ ಹಚ್ಚಿಸಿದೆವು. ಇಲ್ಲದಿದ್ದರೆ ನಾವು ಮಾರುವಾಗ ನಮ್ಮಿಂದ ಕೊಳ್ಳುವವರು ಟೇಪ್ ಹಿಡಿದು ನಮ್ಮ ಮುಂದೆ ನಿಲ್ಲುತ್ತಾರೆ. ಎರಡನೆಯದು, ಖರೀದಿದಾರರು ಅಳತೆ, ವಿನ್ಯಾಸ ಎಲ್ಲವನ್ನೂ ನೋಡಿ ಪೂರ್ತಿ ತೃಪ್ತರಾಗಿದ್ದಾರೆ ಅನ್ನುವ ಸಾಲು. ಅದನ್ನು ತೆಗೆಸಿದೆವು. ಉಪನೋಂದಣಿ ಕಚೇರಿಯ ಕೆಲಸ ಮಾತ್ರ ನಾವು ಅಂದುಕೊಂಡಿದ್ದಕ್ಕಿಂತ ಬೇಗ ಮುಗಿಯಿತು. ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಕಾವೇರಿ 2.0ರಲ್ಲಿ ಮೊದಲೇ ಎಲ್ಲ ತುಂಬಿ, ಶುಲ್ಕ ಕಟ್ಟಿ ಆಗಿತ್ತು. ಫೋಟೋ, ಹೆಬ್ಬೆಟ್ಟು, ಅಷ್ಟೇ.

ಸ್ಟ್ಯಾಕಿನಲ್ಲಿ ಎಲ್ಲರಿಗೂ ನಮ್ಮ ಹಾಗೆ ಆಗಲಿಲ್ಲ. ಮೇಂಟೆನೆನ್ಸ್ ಫ್ರೀ ತೆಗೆದುಕೊಂಡು ಸಹಿ ಹಾಕಿದವರಿಗೆ ಬಿಲ್ಡರ್ ಬಾಗಿಲು ಕೂಡ ಅಗಲ ಮಾಡಿಕೊಡಲಿಲ್ಲ. ಅವರಲ್ಲಿಬ್ಬರು ಸ್ವಂತ ಖರ್ಚಿನಲ್ಲಿ ಮಾಡಿಸಿಕೊಂಡರು. ಅಂಕಲ್ ಮಾತ್ರ ಒಪ್ಪಂದಕ್ಕೇ ಬರಲಿಲ್ಲ. ಒಪ್ಪಿಗೆ ಇಲ್ಲದೆ ಗೋಡೆ ಸರಿಸಿದ್ದಕ್ಕೆ ಒಂದು ಆದೇಶ ಬೇಕು, ಹಣ ಆಮೇಲೆ ಅನ್ನುವುದು ಅವರ ಹಟ. ದೂರು ದಾಖಲಿಸಿದ್ದಾರೆ. ವಿಚಾರಣೆ ವಿಡಿಯೋದಲ್ಲಿ ನಡೆಯುತ್ತಿದೆ. ಬಿಲ್ಡರ್ ಕಡೆಯವರು ಆಕ್ಷೇಪಣೆ ಸಲ್ಲಿಸಲು ಸಮಯ ಕೇಳುತ್ತಾರೆ, ಅಂಕಲ್ ಫೈಲು ಮಡಚಿಟ್ಟು ಮುಂದಿನ ತಾರೀಖು ಬರೆದುಕೊಳ್ಳುತ್ತಾರೆ. ನಮ್ಮ ಆರ್ಕಿಟೆಕ್ಟ್ ವರದಿಯ ಪ್ರತಿಯನ್ನು ಅವರಿಗೆ ಕೊಟ್ಟಿದ್ದೇನೆ. ಒಂದೇ ಸ್ಟ್ಯಾಕ್, ಒಂದೇ ಶಾಫ್ಟ್, ಒಂದೇ ಗೋಡೆ. ಬೇಕಾದರೆ ಸಾಕ್ಷಿಗೂ ಬರುತ್ತೇನೆ ಅಂತ ಹೇಳಿದ್ದೇನೆ.